ಕಬ್ಬಿಣದ ಕೈ, ಅಂಚಿನ ಲಾಳಿ

ಆ ಯಂತ್ರ ನಮ್ಮ ಆಸ್ಪತ್ರೆಗೆ ಬಂದ ದಿನ ಚಳ್ಳಕೆರೆಯಲ್ಲಿ ಬೆಳಗಿನಿಂದಲೇ ಕರೆಂಟ್ ಇರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದು ತನಗೆ ಹೊಸದು ತರಿಸಿಕೊಂಡು, ಹಳೆಯದನ್ನು ನಮ್ಮ ಟ್ರಸ್ಟಿನವರಿಗೆ ದಾನ ಕೊಟ್ಟಿತ್ತು. ಪೆಟ್ಟಿಗೆ ಬಿಚ್ಚಿದರೆ ಒಳಗಿದ್ದದ್ದು ಒಂದೇ ಒಂದು ತೋಳು. ಹೆಗಲಿತ್ತು, ಮೊಣಕೈ ಇತ್ತು, ಮಣಿಕಟ್ಟಿತ್ತು, ಬೆರಳಿರಲಿಲ್ಲ. ಅದನ್ನು ಆಪರೇಷನ್ ಟೇಬಲಿನ ಅಂಚಿಗೆ ಬಿಗಿದು, ಮಣಿಕಟ್ಟಿಗೆ ಕ್ಯಾಮೆರಾದ ಕೊಳವೆ ಸಿಕ್ಕಿಸಿದರೆ, ಸರ್ಜನ್ ಬಾಯಿಮಾತಿನಲ್ಲಿ ಹೇಳಿದ ಕಡೆಗೆ ಅದು ಕ್ಯಾಮೆರಾವನ್ನು ಒಯ್ಯುತ್ತಿತ್ತು. ಶಸ್ತ್ರಚಿಕಿತ್ಸೆಯ ರೋಬೋ ಎಂದು ಆ ಕಾಲಕ್ಕೆ ನನ್ನ ಕೈಗೆ ಸಿಕ್ಕಿದ್ದು ಇಷ್ಟೇ. ನಮ್ಮ ಆಯಾ ಅದನ್ನು ಒಂದು ಸುತ್ತು ಹಾಕಿ ನೋಡಿ, "ಬರೀ ಕಬ್ಬಿಣದ ಕೈ ಕಳಿಸ್ಯಾರಲ್ರೀ ಡಾಕ್ಟ್ರಮ್ಮ, ಮಿಕ್ಕಿದ್ದು ಯಾವಾಗ ಬರ್ತೈತೆ?" ಎಂದು ಕೇಳಿದಳು.

ನನಗೆ ಮಾತ್ರ ಆ ಒಂದು ಕೈಯೇ ಬೇಕಾಗಿತ್ತು. ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ, ಒಂದರಿಂದ ಕ್ಯಾಮೆರಾ ಇಳಿಸಿ, ಪರದೆ ನೋಡುತ್ತ ಉಳಿದ ತೂತುಗಳಿಂದ ಕೆಲಸ ಮಾಡುವ ಆಪರೇಷನ್ನನ್ನು ನಾನು ಎರಡು ವರ್ಷದಿಂದ ಮಾಡುತ್ತಿದ್ದೆ. ಸುತ್ತಲಿನ ಹಳ್ಳಿಯವರು ಅದಕ್ಕೆ ಟೀವಿ ಆಪರೇಷನ್ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಒಂದು ತೊಡಕಿದೆ. ಸರ್ಜನ್ನಿನ ಎರಡು ಕೈಯಲ್ಲೂ ಸಲಕರಣೆ ಇರುತ್ತದೆ, ಕಣ್ಣು ಮಾತ್ರ ಬೇರೆಯವರ ಕೈಯಲ್ಲಿರುತ್ತದೆ. ಕ್ಯಾಮೆರಾ ಹಿಡಿದವರು ಒಂದು ಕೂದಲೆಳೆಯಷ್ಟು ಅಲುಗಿದರೂ ಪರದೆಯ ಮೇಲೆ ಇಡೀ ಹೊಟ್ಟೆಯೇ ಅಲುಗುತ್ತದೆ.

ನನ್ನ ಕ್ಯಾಮೆರಾ ಹಿಡಿಯುತ್ತಿದ್ದವರು ಥಿಯೇಟರಿನ ಸಿಸ್ಟರ್. ಮೊಳಕಾಲ್ಮೂರಿನ ನೇಕಾರರ ಮನೆಯ ಹೆಣ್ಣುಮಗಳು, ಮಿತಭಾಷಿ. ಅವರ ಮೇಲೆ ನನಗೊಂದು ದೂರಿತ್ತು. ನಾನು ಹೇಳುವ ಮೊದಲೇ ಕ್ಯಾಮೆರಾ ತಿರುಗಿಸಿಬಿಡುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಅವರು ಪರದೆಯನ್ನು ಸರಿಯಾಗಿ ನೋಡುತ್ತಲೇ ಇರಲಿಲ್ಲ, ಆಗಾಗ ನನ್ನ ಕಡೆ ನೋಡುತ್ತಿದ್ದರು. ಗಮನವಿಲ್ಲ ಎಂದುಕೊಂಡೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು, ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ದಿನ ಎಲ್ಲರ ಎದುರಿಗೇ, "ಸಿಸ್ಟರ್, ನೀವು ಕಣ್ಣಿನ ಕೆಲಸ ಮಾಡಿ ಸಾಕು, ತಲೆ ಕೆಲಸ ನನಗೆ ಬಿಡಿ. ನಾನು ಹೇಳೋವರೆಗೂ ಅಲ್ಲಾಡಬೇಡಿ" ಎಂದೆ. ಅಂದಿನಿಂದ ಅವರು ನನ್ನ ಮಾತಿಗಾಗಿ ಕಾಯತೊಡಗಿದರು. ಕಾಯುತ್ತ ಕಾಯುತ್ತ ಅವರ ಕೈ ನಡುಗತೊಡಗಿತು. ನಡುಗುವ ಕೈ ನೋಡಿ ನಾನು ಇನ್ನಷ್ಟು ರೇಗುತ್ತಿದ್ದೆ.

ಹಾಗಾಗಿ ಯಂತ್ರ ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದಕ್ಕೆ ದಣಿವಿಲ್ಲ, ನಡುಕವಿಲ್ಲ. ಅದನ್ನು ಜೋಡಿಸಲು ಬಂದ ಇಂಜಿನಿಯರ್ ಒಂದು ಕಾರ್ಡಿಗೆ ನನ್ನ ಧ್ವನಿ ತುಂಬಿಸಿದ. ಇಂಗ್ಲಿಷೇ ಆಗಬೇಕೆಂದಿಲ್ಲ, ಸದ್ದು ಪ್ರತಿಸಲ ಒಂದೇ ಥರ ಇದ್ದರೆ ಸಾಕು ಎಂದ. ಬಾಗಿಲು ಹಾಕಿಕೊಂಡು ಮಾಸ್ಕಿನೊಳಗಿಂದ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ, ಒಳಗೆ, ಹಿಂದೆ, ಸಾಕು ಎಂದು ಮತ್ತೆ ಮತ್ತೆ ಹೇಳಿದೆ. ಡಾಕ್ಟ್ರಮ್ಮ ಹೇಳಿದ್ದನ್ನು ತುಟಿಪಿಟಕ್ಕೆನ್ನದೆ ಮಾಡುವವನು ಕೊನೆಗೂ ಒಬ್ಬ ಸಿಕ್ಕಿದ ಎಂದು ವಾರ್ಡಿನಲ್ಲಿ ನಗುತ್ತಿದ್ದರಂತೆ. ನಿಜವೂ ಅದೇ. ಮೊದಲ ಕೆಲವು ಆಪರೇಷನ್ನುಗಳಲ್ಲಿ ಪರದೆ ಗೋಡೆಗೆ ಹೊಡೆದ ಪಟದಂತೆ ನಿಂತಿತು. ಸಿಸ್ಟರ್ ಸಲಕರಣೆ ಕೊಡುವ ಕೆಲಸಕ್ಕೆ ಸರಿದರು. ಸಂಜೆ ಆ ತೋಳನ್ನು ಒರೆಸಿ ಬಟ್ಟೆ ಮುಚ್ಚುವುದೂ ಅವರ ಪಾಲಿಗೇ ಬಂತು. ಅದು ಅವರಿಗೆ ಹೇಗನ್ನಿಸಿತೆಂದು ನಾನು ಕೇಳಲಿಲ್ಲ.

ಪ್ರತಿ ಗುರುವಾರ ನಾನು ಮೊಳಕಾಲ್ಮೂರಿನಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಅಂಥ ಒಂದು ಗುರುವಾರ ಸಿಸ್ಟರ್ ತಮ್ಮ ಬೀದಿಯ ಒಬ್ಬಾಕೆಯನ್ನು ಕರೆತಂದರು. ನಲವತ್ತೈದರ ಆಸುಪಾಸು, ಕುಳ್ಳಗಿನ ಆಳು. ಸಿಸ್ಟರ್ ಆಕೆಯನ್ನು ಅಕ್ಕ ಎನ್ನುತ್ತಿದ್ದರು. ನಾನು ಇಲ್ಲಿ ಮಗ್ಗದಕ್ಕ ಎನ್ನುತ್ತೇನೆ. ಪಿತ್ತಕೋಶದ ತುಂಬ ಕಲ್ಲು, ವರ್ಷದಲ್ಲಿ ನಾಲ್ಕೈದು ಸಲ ನೋವು ಬಂದು ನೆಲದಲ್ಲಿ ಹೊರಳಾಡಿದ್ದಳು. ಬಳ್ಳಾರಿಯಲ್ಲಿ ತೋರಿಸಿದಾಗ ಪಕ್ಕೆಲುಬಿನ ಕೆಳಗೆ ಒಂದು ಗೇಣು ಕೊಯ್ಯಬೇಕು ಎಂದಿದ್ದರಂತೆ, ಹಾಗೇ ಎದ್ದು ಬಂದಿದ್ದಳು. ಅಷ್ಟು ನೋವಿದ್ದೂ ಯಾಕೆ ಎದ್ದು ಬಂದಿರಿ ಎಂದು ಕೇಳಿದೆ. ಅವಳು ಸೆರಗು ಸರಿಸಿ ಹೊಟ್ಟೆ ತೋರಿಸಿದಳು. ಪಕ್ಕೆಲುಬಿನ ಕೆಳಗೆ ಈ ಕಡೆಯಿಂದ ಆ ಕಡೆಗೆ ಮೂರು ಬೆರಳಗಲದ ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು. ಇಂಥ ಗುರುತನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

"ಬಾಯಲ್ಲಿ ಹೇಳಿದ್ರೆ ತಿಳಿಯಲ್ಲ ಡಾಕ್ಟ್ರಮ್ಮ, ಮನೆಗೆ ಬರ್ರಿ" ಎಂದಳು. ಹೋದೆ.

ಅವರದು ಗುಂಡಿಮಗ್ಗ. ನೇಯುವವರು ನೆಲದ ಅಂಚಿಗೆ ಕೂತು ಗುಂಡಿಯೊಳಗೆ ಕಾಲಿಳಿಸಿ ಮಣೆ ತುಳಿಯಬೇಕು. ನೇಯ್ದ ಸೀರೆ ಸುತ್ತಿಕೊಳ್ಳುವ ಮರದ ದಿಂಡು ಹೊಟ್ಟೆಗೆ ಆತುಕೊಂಡಿರುತ್ತದೆ. ಪ್ರತಿ ಎಳೆಗೂ ಮುಂದಕ್ಕೆ ಬಾಗಬೇಕು, ಬಾಗಿದಾಗಲೆಲ್ಲ ಮೈಭಾರ ಆ ದಿಂಡಿನ ಮೇಲೆ ಬೀಳುತ್ತದೆ. ಆ ಕಪ್ಪು ಪಟ್ಟಿ ಬಿದ್ದಿದ್ದು ಹಾಗೆ. ಅಲ್ಲಿನ ಸ್ನಾಯು ಕೊಯ್ದರೆ ಆಕೆ ಮತ್ತೆ ಆ ದಿಂಡಿಗೆ ಒರಗುವುದು ಕಷ್ಟ ಎಂದು ನನಗೆ ಕೂಡಲೇ ಅರ್ಥವಾಯಿತು. ಒರಗದೆ ಮಗ್ಗವಿಲ್ಲ.

ಇನ್ನೊಂದು ವಿಷಯವನ್ನು ಅಲ್ಲಿ ನೋಡಿದೆ. ಆ ಸೀರೆಯ ಒಡಲಿಗೆ ಒಂದು ಬಣ್ಣ, ಅಂಚಿಗೆ ಬೇರೆ ಬಣ್ಣ. ಅಡ್ಡನೂಲು ಒಯ್ಯುವ ಲಾಳಿಯೂ ಒಡಲಿಗೆ ಬೇರೆ, ಅಂಚಿಗೆ ಬೇರೆ. ಅದಕ್ಕೆ ಒಂದೇ ಮಗ್ಗದಲ್ಲಿ ಇಬ್ಬರು ಕೂರಬೇಕು. ನಡುವೆ ಮಗ್ಗದಕ್ಕ, ಪಕ್ಕದಲ್ಲಿ ಅಂಚಿನ ಲಾಳಿ ಎಸೆಯಲು ಅವಳ ಗಂಡ. ಈತ ರಾಂಪುರದ ಕಡೆಯ ಬೇಸಾಯದ ಮನೆಯವನು, ಮದುವೆಯಾಗಿ ಈ ಮನೆಗೆ ಬಂದು ಹೆಂಡತಿಯಿಂದ ಕಸುಬು ಕಲಿತವನು. ಹೆಂಡತಿ ನೇಯುತ್ತಾಳೆ, ಗಂಡ ಲಾಳಿ ಒದಗಿಸುತ್ತಾನೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರಂತೆ. ಅವನು ಅದನ್ನು ನನಗೆ ನಗುತ್ತಲೇ ಹೇಳಿದ. ಇಬ್ಬರೂ ನೇಯುವಾಗ ಒಂದು ಮಾತಿಲ್ಲ. ಅವನ ಕಣ್ಣು ಲಾಳಿಯ ಮೇಲೂ ಇಲ್ಲ, ಸೀರೆಯ ಮೇಲೂ ಇಲ್ಲ, ಹೆಂಡತಿಯ ಹೆಗಲಿನ ಮೇಲಿತ್ತು. ಇಪ್ಪತ್ತು ವರ್ಷದ ಸಂಸಾರ, ಎಷ್ಟು ಚೆಂದ ಎಂದುಕೊಂಡೆನೇ ಹೊರತು ಅದು ಕೆಲಸದ ರೀತಿ ಎಂದು ನನಗೆ ಹೊಳೆಯಲಿಲ್ಲ.

ನಾಲ್ಕು ತೂತಿನಲ್ಲೇ ಮುಗಿಸಲು ನೋಡುತ್ತೇನೆ ಎಂದೆ. ಆದರೆ ಒಳಗೆ ಏನಾದರೂ ಎಡವಟ್ಟಾಗಿ ಜೀವಕ್ಕೆ ಕುತ್ತು ಬರುವಂತಿದ್ದರೆ ಒಂದು ನಿಮಿಷವೂ ಕಾಯದೆ ಕೊಯ್ಯುತ್ತೇನೆ, ಆಗ ಮಗ್ಗದ ಮುಖ ನೋಡುವುದಿಲ್ಲ ಎಂದೂ ಬಿಡಿಸಿ ಹೇಳಿದೆ. ಮಗ್ಗದಕ್ಕ, "ನಾನು ಸತ್ರೆ ಈಯಪ್ಪ ಇನ್ಯಾರ ಪಕ್ಕ ಕೂರ್ತಾನೆ? ಕೊಯ್ಯೋ ಹಂಗಾದ್ರೆ ಕೊಯ್ಯಿರಿ. ಆದ್ರೆ ಅವಸರ ಮಾಡಬ್ಯಾಡ್ರಿ" ಎಂದಳು. ಗಂಡ ಗಾಬರಿಯಾದಾಗ ತೆಲುಗಿಗೆ ಜಾರುತ್ತಿದ್ದ. ನನ್ನನ್ನು ಬಸ್ಸಿಗೆ ಬಿಡಲು ಬಂದವನು ಏನೂ ಆಗುವುದಿಲ್ಲ ತಾನೇ ಎನ್ನುವುದನ್ನು, "ಏಮೀ ಕಾದು ಕದಮ್ಮಾ?" ಎಂದು ಮೂರು ಸಲ ಕೇಳಿದ. ಇಲ್ಲ ಎಂದೆ. ಅಷ್ಟು ಖಡಾಖಂಡಿತವಾಗಿ ಹೇಳಬಾರದಾಗಿತ್ತು.

ಆಪರೇಷನ್ನಿನ ದಿನ ಬೆಳಗ್ಗೆ ಸಿಸ್ಟರ್ ಮಗ್ಗದಕ್ಕನ ಹೊಟ್ಟೆಯ ಮೇಲೆ ನೀಲಿ ಪೆನ್ನಿನಿಂದ ಎರಡು ಗೆರೆ ಎಳೆದಿದ್ದರು. ದಿಂಡು ಒತ್ತುವ ಪಟ್ಟಿ ಅದು. ನಮ್ಮ ತೂತುಗಳು ಆ ಗೆರೆಗಳ ಆಚೆಗೇ ಬೀಳಬೇಕು. ಹಾಗಾಗಿ ಮೇಲಿನ ತೂತು ಎದೆಗೂಡಿನ ತುದಿಗೆ ಹೋಯಿತು, ಪಕ್ಕದ ಎರಡು ತೀರ ಬಲಕ್ಕೆ ಸರಿದವು. ಕೈಗೆ ಒಗ್ಗಿದ ಕೋನ ತಪ್ಪಿತು. ಚಿತ್ರದುರ್ಗದಿಂದ ಬಂದಿದ್ದ ಅರಿವಳಿಕೆ ಡಾಕ್ಟರು ಮದ್ದು ಕೊಟ್ಟು ಮಲಗಿಸಿದರು. ಒಂದು ಬಾಟಲಿ ರಕ್ತ ತರಿಸಿಟ್ಟಿದ್ದೆ. ಹೊಟ್ಟೆ ತೆರೆಯಬೇಕಾಗಿ ಬಂದರೆ ಇರಲಿ ಎಂದು ದೊಡ್ಡ ಸಲಕರಣೆಗಳ ತಟ್ಟೆಯನ್ನೂ ಬಟ್ಟೆ ಮುಚ್ಚಿ ಪಕ್ಕಕ್ಕಿರಿಸಿದ್ದೆವು. ಹೊಟ್ಟೆಗೆ ಗಾಳಿ ತುಂಬಿ, ಹೊಕ್ಕುಳ ಬಳಿಯಿಂದ ಕ್ಯಾಮೆರಾ ಇಳಿಸಿ, ಅದನ್ನು ಕಬ್ಬಿಣದ ಕೈಗೆ ಒಪ್ಪಿಸಿದೆ.

ಮೊದಲ ಮುಕ್ಕಾಲು ಗಂಟೆ ಎಲ್ಲ ಸರಿಯಾಗಿಯೇ ನಡೆಯಿತು. ಪಿತ್ತಕೋಶವನ್ನು ಮೇಲಕ್ಕೆತ್ತಿ ಹಿಡಿದು, ಅದರ ಬುಡದಲ್ಲಿರುವ ನಾಳವನ್ನೂ ಸಣ್ಣ ರಕ್ತನಾಳವನ್ನೂ ಬಿಡಿಸಿ, ಎರಡಕ್ಕೂ ಕ್ಲಿಪ್ ಹಾಕಿ ಕತ್ತರಿಸಬೇಕು. ಆಮೇಲಿನದು ಸಲೀಸು. ಆದರೆ ಪದೇ ಪದೇ ಬಾವು ಬಂದು ಅಲ್ಲೆಲ್ಲ ಅಂಟಂಟಾಗಿತ್ತು. ಪಿತ್ತನಾಳವನ್ನು ಹೇಗೋ ಬಿಡಿಸಿ ಕ್ಲಿಪ್ ಹಾಕಿದೆ. ಕೋನ ಬದಲಾಗಿದ್ದರಿಂದ ಹೆಜ್ಜೆಹೆಜ್ಜೆಗೂ ಎಡಕ್ಕೆ, ಕೆಳಗೆ, ಸಾಕು, ಒಳಗೆ, ಸಾಕು ಎಂದು ಹೇಳುತ್ತಲೇ ಇರಬೇಕಾಯಿತು. ಮಾತಿನ ಮೇಲೆ ಗಮನ ಹೋಗಿ ಕೈ ಸ್ವಲ್ಪ ಬಿರುಸಾಯಿತು. ಒಂದು ಎಳೆತಕ್ಕೆ ಆ ಸಣ್ಣ ರಕ್ತನಾಳ ಹರಿಯಿತು. ತಪ್ಪು ನನ್ನದೇ.

ರಕ್ತ ನೇರವಾಗಿ ಕ್ಯಾಮೆರಾದ ಗಾಜಿಗೆ ಚಿಮ್ಮಿ ಪರದೆ ಕೆಂಪಾಯಿತು. ಹಿಂದೆ ಎಂದೆ. ತೋಳು ತನ್ನ ನಡಿಗೆಯಲ್ಲಿ ಹಿಂದೆ ಬಂತು. ಅದಕ್ಕಿದ್ದದ್ದು ಒಂದೇ ನಡಿಗೆ, ರಕ್ತ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಸಿಸ್ಟರ್ ಕೊಳವೆ ಬಿಡಿಸಿ, ಬಿಸಿ ಸಲೈನಿನಲ್ಲಿ ಅದ್ದಿ ಒರೆಸಿ ಮತ್ತೆ ಸಿಕ್ಕಿಸಿದರು. ಒಳಗೆ ಎಂದೆ. ರಕ್ತ ಬರುವ ಜಾಗ ಒಂದು ಕ್ಷಣ ಕಂಡಿತು, ಬಲಕ್ಕೆ ಎನ್ನುವಷ್ಟರಲ್ಲಿ ಮತ್ತೆ ಕೆಂಪು. ಎರಡನೇ ಸಲವೂ ಅದೇ ಆಯಿತು. ನಾಡಿ ಏರುತ್ತಿದೆ, ಬಿಪಿ ನೂರಕ್ಕೆ ಇಳಿಯಿತು ಎಂದು ಅರಿವಳಿಕೆ ಡಾಕ್ಟರು ಹೇಳಿದರು. ಒಂದು ಗಾಜ್ ಬಟ್ಟೆಯ ತುಂಡನ್ನು ತೂತಿನಿಂದ ಒಳಗೆ ತಳ್ಳಿ, ಅಂದಾಜಿನ ಮೇಲೆ ಎಡಗೈಯ ಸಲಕರಣೆಯಿಂದ ಆ ಜಾಗವನ್ನು ಒತ್ತಿ ಹಿಡಿದೆ. ಗಡಿಯಾರ ನೋಡಿ ಐದು ನಿಮಿಷ ಒತ್ತುತ್ತೇನೆ ಎಂದೆ.

ಆ ಐದು ನಿಮಿಷವನ್ನು ನಾನು ಮರೆತಿಲ್ಲ. ಕೊಯ್ಯುವುದೇ ಸರಿ ಎಂದು ಒಂದು ಮನಸ್ಸು ಹೇಳುತ್ತಿತ್ತು. ಅದು ಸೋಲಲ್ಲ, ನಾನೇ ಎಷ್ಟೋ ಸಲ ಮಾಡಿದ್ದೇನೆ. ಒತ್ತಿದ ಮೇಲೆ ರಕ್ತ ತಗ್ಗಿತು, ಬಿಪಿ ನಿಂತಿತು. ಆದರೆ ಗಾಜ್ ತೆಗೆದ ತಕ್ಷಣ ಮತ್ತೆ ಚಿಮ್ಮುವುದು ಖಚಿತ. ಆಗ ಕ್ಯಾಮೆರಾ ಪಕ್ಕದಿಂದ ಹತ್ತಿರ ಬಂದು, ಜಾಗ ತೋರಿಸಿ, ರಕ್ತ ತಾಗುವ ಮೊದಲೇ ಹಿಂದೆ ಸರಿದು, ಕ್ಲಿಪ್ ಬರುವಾಗ ಮತ್ತೆ ಹತ್ತಿರ ಬರಬೇಕು. ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಆಗಬೇಕಾದ ಕೆಲಸಕ್ಕೆ ನಾನು ಏಳೆಂಟು ಮಾತು ಹೇಳಬೇಕಿತ್ತು. ಹೊಟ್ಟೆಯ ಮೇಲೆ ಆ ನೀಲಿ ಗೆರೆಗಳು ಕಾಣುತ್ತಿದ್ದವು. ನನಗೆ ಹೆದರಿಕೆಯಾಗಿತ್ತು, ಅಳುವೂ ಬಂದಂತಾಗಿತ್ತು.

ದೊಡ್ಡ ತಟ್ಟೆ ತೆರೆಯಲು ಹೇಳೋಣವೆಂದು ಸಿಸ್ಟರ್ ಕಡೆ ತಿರುಗಿದೆ. ಅವರು ಪರದೆ ನೋಡುತ್ತಿರಲಿಲ್ಲ. ನನ್ನ ಬಲ ಹೆಗಲನ್ನು ನೋಡುತ್ತಿದ್ದರು. ಅವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಆದರೂ ನಾನು ತುಸು ಬಾಗಿದರೆ ಅವರ ಮಣಿಕಟ್ಟು ತುಸು ಬಾಗುತ್ತಿತ್ತು, ನಾನು ಹಿಂದೆ ಸರಿದರೆ ಅದೂ ಸರಿಯುತ್ತಿತ್ತು. ತಾವು ಹಾಗೆ ಮಾಡುತ್ತಿರುವುದು ಅವರಿಗೇ ಗೊತ್ತಿರಲಿಲ್ಲ.

ಮೊಳಕಾಲ್ಮೂರಿನ ಆ ಮಗ್ಗದ ಪಕ್ಕ ಕೂತಿದ್ದ ಗಂಡನ ಕಣ್ಣು ನೆನಪಾಯಿತು. ಎರಡು ವರ್ಷದಿಂದ ನಾನು ಯಾವುದನ್ನು ಗಮನವಿಲ್ಲ ಎಂದು ಬೈದಿದ್ದೆನೋ ಅದೇ ಗಮನವಾಗಿತ್ತು. ಸಿಸ್ಟರ್ ನೇಕಾರರ ಮನೆಯವರು, ಬಾಲ್ಯದಿಂದ ಅಂಚಿನ ಲಾಳಿ ಎಸೆದವರು. ಮಾತು ಬರುವ ಮೊದಲೇ ಹೆಗಲಿನಲ್ಲಿ ಮುಂದಿನದು ಗೊತ್ತಾಗುತ್ತದೆಂದು ಕಲಿತವರು. ಅಂಥವರಿಗೆ ನಾನು ನಿಲ್ಲಿ, ಕಾಯಿರಿ ಎಂದು ಹೇಳಿ ಕೈ ನಡುಗುವಂತೆ ಮಾಡಿದ್ದೆ. ಆ ಹೊತ್ತಿನಲ್ಲೂ ನನಗೆ ಬಹಳ ನಾಚಿಕೆಯಾಯಿತು.

ತೋಳು ಬಿಚ್ಚಿಸಿದೆ. "ಸಿಸ್ಟರ್, ಕ್ಯಾಮೆರಾ ನೀವು ಹಿಡೀರಿ. ನಾನು ಏನೂ ಹೇಳಲ್ಲ" ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನಿಮ್ಮನ್ನ ನೋಡ್ಕೊಂಡು ಹಿಡೀಲಾ ಮೇಡಂ?"

"ನನ್ನನ್ನೇ ನೋಡಿ."

ಒಂದೇ ಒಂದು ಪ್ರಯತ್ನ, ಆಗದಿದ್ದರೆ ಕೊಯ್ಯುವುದು ಎಂದು ಅರಿವಳಿಕೆ ಡಾಕ್ಟರಿಗೆ ಗಟ್ಟಿಯಾಗಿ ಹೇಳಿದೆ. ಚಾಕು ಕೈಗೆಟುಕುವಲ್ಲಿ ಇಡಿಸಿದೆ. ಆಮೇಲೆ ಗಾಜ್ ಎತ್ತಿದೆ. ರಕ್ತ ಚಿಮ್ಮಿತು, ಕ್ಯಾಮೆರಾ ಅಲ್ಲಿರಲಿಲ್ಲ. ಅದು ಆಗಲೇ ಬಲಕ್ಕೆ ಸರಿದು ಪಕ್ಕದಿಂದ ನೋಡುತ್ತಿತ್ತು. ಹರಿದ ತುದಿ ಕಂಡಿತು. ನನ್ನ ಎಡಗೈ ಅದನ್ನು ಹಿಡಿಯುವಾಗ ಚಿತ್ರ ಹತ್ತಿರ ಬಂತು, ಬಲಗೈಯ ಕ್ಲಿಪ್ ಒಳಹೊಗುವಾಗ ಅದಕ್ಕೆ ಜಾಗ ಬಿಟ್ಟು ಹಿಂದೆ ಹೋಯಿತು, ಕ್ಲಿಪ್ಪಿನ ಬಾಯಿ ಮುಚ್ಚುವ ಹೊತ್ತಿಗೆ ಮತ್ತೆ ಅಲ್ಲೇ ಇತ್ತು. ಯಾರೂ ಮಾತಾಡಲಿಲ್ಲ. ಒಂದು ಕ್ಲಿಪ್, ಭದ್ರಕ್ಕೆ ಇನ್ನೊಂದು. ರಕ್ತ ನಿಂತಿತು. ನೀರು ಹಾಕಿ ತೊಳೆದು, ಎಲ್ಲೂ ಒಸರುತ್ತಿಲ್ಲವೆಂದು ಎರಡು ಸಲ ನೋಡಿದೆವು. ಪಿತ್ತನಾಳದ ಕ್ಲಿಪ್ಪು ಭದ್ರವಾಗಿಯೇ ಇತ್ತು. ಉಳಿದ ಕೆಲಸಕ್ಕೆ ಇನ್ನೂ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯೂ ಸಿಸ್ಟರ್ ಕೈ ನಡುಗಲಿಲ್ಲ.

ಮಗ್ಗದಕ್ಕನಿಗೆ ಎಚ್ಚರವಾದಾಗ ಮೊದಲು ಕೈ ಹೊಟ್ಟೆಗೆ ಹೋಯಿತು. ಕೊಯ್ದಿಲ್ಲ ಅಕ್ಕ, ನಾಲ್ಕೇ ತೂತು ಎಂದು ಸಿಸ್ಟರ್ ಅವಳ ಕಿವಿಯ ಬಳಿ ಬಾಗಿ ಹೇಳಿದರು. ಹೊರಗೆ ಗಂಡ ಗೋಡೆಗೊರಗಿ ನಿಂತಿದ್ದ. ನಾಲ್ಕೇ ತೂತು ಎಂದು ಅವನಿಗೂ ನಾನೇ ಹೋಗಿ ಹೇಳಿದೆ.

ಸಂಜೆ ಚಹಾ ಕುಡಿಯುತ್ತ ಸಿಸ್ಟರ್ ಎದುರು ಕೂತು, ನನ್ನಿಂದ ತಪ್ಪಾಯಿತು ಎಂದು ಹೇಳಿದೆ. ಹಾಗೆ ಹೇಳಿ ನನಗೆ ಅಭ್ಯಾಸವಿಲ್ಲ, ಸ್ವಲ್ಪ ತೊದಲಿದೆ. ಅವರು ಲೋಟ ಕೆಳಗಿಟ್ಟು, "ಮಗ್ಗದಾಗೆ ಮಾತಾಡಿದ್ರೆ ನಮ್ಮವ್ವ ಬೈತಿದ್ಲು ಮೇಡಂ. ಕೈ ನೋಡಿ ಎಸೆದ್ರೆ ತಡವಾಗಿರ್ತೈತೆ, ಹೆಗಲು ನೋಡಿ ಎಸೀಬೇಕು ಅನ್ನೋಳು" ಎಂದರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳೋಕೆ ನೀವೆಲ್ಲಿ ಬಿಟ್ರಿ?" ಎಂದು ನಕ್ಕರು. ಎರಡು ವರ್ಷದಲ್ಲಿ ಅವರು ನನಗೆ ಎದುರಾಡಿದ್ದು ಅದೇ ಮೊದಲು, ನನಗದು ಹಿತವಾಗಿತ್ತು.

ಯಂತ್ರವನ್ನು ನಾನು ಮೂಲೆಗೆ ತಳ್ಳಲಿಲ್ಲ. ತಾಸುಗಟ್ಟಲೆ ಒಂದೇ ಕಡೆ ನೋಡುತ್ತ ಹೊಲಿಯುವ ಕೆಲಸಕ್ಕೆ ಅದರಷ್ಟು ಒಳ್ಳೆಯ ಕೈ ಇನ್ನೊಂದಿಲ್ಲ. ಯಾವಾಗ ಅದು, ಯಾವಾಗ ತಾವು ಎನ್ನುವುದನ್ನು ಮಾತ್ರ ಸಿಸ್ಟರಿಗೇ ಬಿಟ್ಟೆ. ಈಗ ದೊಡ್ಡ ಊರುಗಳಲ್ಲಿ ನಾಲ್ಕು ತೋಳಿನ ರೋಬೋಗಳು ಬಂದಿವೆ, ಸರ್ಜನ್ ದೂರ ಕೂತು ನಡೆಸುತ್ತಾರೆ. ನೋಡಿ ಮೆಚ್ಚಿದ್ದೇನೆ. ಆದರೂ ರೋಗಿಯ ಪಕ್ಕ ನಿಂತವರ ಕಣ್ಣು ಎಲ್ಲಿದೆ ಎಂದು ನಾನು ಮೊದಲು ನೋಡುತ್ತೇನೆ.

ಆರು ವಾರ ಮಗ್ಗಕ್ಕೆ ಕೂರಕೂಡದು ಎಂದಿದ್ದೆ. ಏಳನೇ ವಾರದ ಗುರುವಾರ, ತಾನು ಕೂರುವಾಗ ನಾವಿಬ್ಬರೂ ಇರಬೇಕೆಂದು ಮಗ್ಗದಕ್ಕ ಹೇಳಿ ಕಳಿಸಿದಳು. ನಾನೂ ಸಿಸ್ಟರೂ ಹೋದೆವು. ಗುಂಡಿಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಏಳು ವಾರ ಗಂಡ ಅದನ್ನು ಬೇರೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅವಳು ಗುಂಡಿಗೆ ಕಾಲಿಳಿಸಿದಳು. ದಿಂಡಿಗೆ ಮೊದಲು ಅಂಗೈ ಇಟ್ಟಳು, ಆಮೇಲೆ ಹೊಟ್ಟೆ ತಾಗಿಸಿದಳು, ಆಮೇಲೆ ನಿಧಾನವಾಗಿ ಪೂರ್ತಿ ಒರಗಿದಳು. ನೋವೇ ಎಂದು ಕೇಳಿದೆ. ತಲೆಯಾಡಿಸಿ ಇಲ್ಲವೆಂದಳು. ಮಣೆ ತುಳಿದು ಒಡಲಿನ ಲಾಳಿ ಎಸೆದಳು.

ಪಕ್ಕದಿಂದ ಅಂಚಿನ ಲಾಳಿ ಬರಲಿಲ್ಲ. ಅವನು ಅದನ್ನು ಕೈಯಲ್ಲೇ ಹಿಡಿದು ಕೂತಿದ್ದ. ಅವಳ ಹೆಗಲನ್ನೇ ನೋಡುತ್ತಿದ್ದ, ಆದರೆ ಕಣ್ಣಲ್ಲಿ ನೀರು ತುಂಬಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ಅವಳು ಕಾದಳು. ಆಮೇಲೆ, ಮಗ್ಗದಲ್ಲಿ ಎಂದೂ ಮಾತಾಡದವಳು, ತಲೆ ತಿರುಗಿಸದೆಯೇ ಮೆಲ್ಲಗೆ ಹೇಳಿದಳು.

"ಎಸೀರಿ. ನಾನಿಲ್ಲೇ ಅದೀನಲ್ಲ."